ವಂಶದಲ್ಲಿದೆ ಎಂಬ ಮಾತು



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡು ತೀರಿಕೊಂಡವರು. ಉಪನ್ಯಾಸಕ್ಕೆ ಕರೆಯಲು ಬಂದಿದ್ದ ಅವರ ಮಗಳು ಇದನ್ನು ಹೇಳಿ, "ನಮ್ಮ ವಂಶದಲ್ಲೇ ಇದೆ ಸಾರ್, ಏನು ಮಾಡೋದು" ಎಂದು ಸುಮ್ಮನಾದರು. ಪ್ರಯೋಗಾಲಯದಲ್ಲಿ ಕಳೆದ ನನ್ನ ವರ್ಷಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದು ಮಾತು ಮುಗಿಸುವ ಮಾತೇ ಆಗಿರುತ್ತದೆ. ಅಲ್ಲಿಂದ ಮಾತು ಶುರುವಾಗಬೇಕು ಎಂದು ನನ್ನ ಹಟ.

ಮದರಾಸಿನಲ್ಲಿ ನಾವು ಕೂತಿರುವ ಈ ಜಾಗವೂ ವಿಷಯಕ್ಕೆ ಹೊರಗಿನದಲ್ಲ. 1788ರಲ್ಲಿ ವ್ಯಾಪಾರ ಆರಂಭಿಸಿದ ಥಾಮಸ್ ಪ್ಯಾರಿಯ ಹೆಸರು ಈ ಮೂಲೆಗೆ ಅಂಟಿಕೊಂಡಿದೆ. ಅವನ ಹೆಸರಿನ ಕಂಪನಿ 1842ರಲ್ಲಿ ನೆಲ್ಲಿಕುಪ್ಪಂನಲ್ಲಿ ಸಕ್ಕರೆ ಕಾರ್ಖಾನೆ ತೆರೆಯಿತು. ಇಲ್ಲಿಂದ ಉತ್ತರಕ್ಕೆ, ಹಳೇ ಜೈಲ್ ರಸ್ತೆಯ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ, ಪ್ರೊ. ಎಂ. ವಿಶ್ವನಾಥನ್ ಅವರು 1948ರಲ್ಲಿ ಸಕ್ಕರೆ ಕಾಯಿಲೆಗೆಂದೇ ಒಂದು ಚಿಕಿತ್ಸಾ ವಿಭಾಗ ತೆರೆದರು. 1954ರಲ್ಲಿ ರಾಯಪುರಂನಲ್ಲಿ ಅವರದೇ ಆಸ್ಪತ್ರೆ ಬಂತು. ಈ ಕಾಯಿಲೆ ಮನೆತನಗಳಲ್ಲಿ ಹೇಗೆ ಇಳಿದು ಬರುತ್ತದೆ ಎಂದು ಬಹಳ ಮೊದಲೇ ತಾಳ್ಮೆಯಿಂದ ಕೇಳಿ ಬರೆದಿಟ್ಟವರಲ್ಲಿ ಅವರೊಬ್ಬರು. ಮುಂದೆ ಅವರ ಮಗ ಡಾ. ವಿ. ಮೋಹನ್ ಅದೇ ದಾರಿ ಹಿಡಿದರು.

ಇನ್ನು ಮದರಾಸಿನ ನಮ್ಮ ಕನ್ನಡದವರು. ಕಡಂದಲೆಯ ಕೃಷ್ಣರಾಯರು ಇಲ್ಲೇ ಆಚಾರಪ್ಪನ್ ಬೀದಿಯಲ್ಲಿ ಹೋಟೆಲ್ ನಡೆಸಿ, ಆಮೇಲೆ ವುಡ್‌ಲ್ಯಾಂಡ್ಸ್ ಕಟ್ಟಿದವರು. ಅವರಂತೆ ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಈ ಬೀದಿಗಳಲ್ಲಿ ರುಬ್ಬುಗಲ್ಲು ತಿರುಗಿಸಿ, ಟೇಬಲ್ ಒರೆಸಿ, ಕೊನೆಗೆ ಗಲ್ಲಾದ ಮೇಲೆ ಕೂತರು. ಹಾಗೆ ಕೂತ ಕುಂದಾಪುರ ಕಡೆಯ ಒಬ್ಬರು ನನಗೆ ಪರಿಚಿತರು. ಒಂದು ಮಧ್ಯಾಹ್ನ, ಊಟದ ಗಿರಾಕಿಗಳು ಖಾಲಿಯಾದ ಮೇಲೆ, ಬಿಲ್ಲು ಪುಸ್ತಕದ ಹಾಳೆ ಹರಿದು ಅದರ ಹಿಂಬದಿಯಲ್ಲಿ ಅವರ ವಂಶವೃಕ್ಷ ಬರೆದೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಬಂದವರಿಗೆ ಒಳಗೆಲ್ಲ ಮಸಿ. ಅಪ್ಪಯ್ಯನ ಚೌಕ ಕಪ್ಪಾಯಿತು. ದೊಡ್ಡಪ್ಪನದು ಕಪ್ಪಾಯಿತು. ಗಲ್ಲಾದಲ್ಲಿದ್ದವರದು ಮೂವತ್ತೆಂಟಕ್ಕೇ ಕಪ್ಪು. ಅಮ್ಮನದು? "ಅದನ್ನ ಯಾರು ನೋಡಿದ್ದಾರೆ ಮಾರಾಯ್ರೆ" ಎಂದರು. ವೃತ್ತದೊಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಊರಲ್ಲಿ ತೋಟ ನೋಡಿಕೊಂಡಿದ್ದ ತಮ್ಮನ ಚೌಕವನ್ನು ಖಾಲಿ ಬಿಟ್ಟೆ. ಹನ್ನೆರಡು ವರ್ಷ ಕಳೆದ ಮೇಲೆ ಅದೂ ಕಪ್ಪಾಯಿತು.

ನನಗೆ ಮುಖ್ಯವಾಗಿ ಕಂಡದ್ದು ಆ ಹನ್ನೆರಡು ವರ್ಷ. ಒಡಹುಟ್ಟಿದವರ ನಡುವೆ ವಂಶವಾಹಿಗಳಲ್ಲಿ ಸರಾಸರಿ ಅರ್ಧ ಪಾಲು ಒಂದೇ ಆಗಿರುತ್ತದೆ. ಇಬ್ಬರ ಮೈಯಲ್ಲೂ ಬೀಜ ಇದ್ದಿರಬೇಕು. ತೋಟದ ಗುಡ್ಡ ಹತ್ತಿ ಇಳಿದ ಕಾಲುಗಳು ಒಬ್ಬನಿಗೆ ಅಷ್ಟು ಕಾಲಾವಕಾಶ ಕೊಡಿಸಿದವು ಎಂದು ನಾನು ಓದಿಕೊಂಡೆ. ಒಂದು ಮನೆಯ ಕಥೆಯಿಂದ ಏನನ್ನೂ ಸಾಧಿಸಿದಂತಾಗದು, ಬಲ್ಲೆ. ಅದಕ್ಕೇ ಊರಿನ ಲೆಕ್ಕಕ್ಕೆ ಬರುತ್ತೇನೆ.

ಚೆನ್ನೈನ ತಿರುಮಂಗಲಂ ಮತ್ತು ಟಿ. ನಗರದ ಭಾರತಿ ನಗರದಲ್ಲಿ ಮೋಹನ್ ಅವರ ತಂಡ ಮನೆಮನೆಗೆ ಹೋಗಿ ಪರೀಕ್ಷೆ ಮಾಡಿತು. ತಂದೆತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆಯೋ ಅದರ ಹಿಂದಿನ ಹಂತವೋ ಇತ್ತು. ಒಬ್ಬರಿಗೆ ಮಾತ್ರ ಇದ್ದ ಕಡೆ 22.1. ಯಾರಿಗೂ ಇಲ್ಲದ ಕಡೆ 15.6. ವಂಶದ ಭಾರ ಎಷ್ಟೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಲಿ? ಆದರೆ ಇದೇ ನಗರದಲ್ಲಿ ಕಾಯಿಲೆಯ ಪ್ರಮಾಣ 1989ರಲ್ಲಿ ನೂರಕ್ಕೆ 8.3 ಇದ್ದದ್ದು 2004ರ ಹೊತ್ತಿಗೆ 14.3 ಆಗಿತ್ತು. ಹದಿನೈದು ವರ್ಷದಲ್ಲಿ ಒಂದು ಊರಿನ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ತಟ್ಟೆ, ನಡಿಗೆ, ಸೊಂಟದ ಸುತ್ತಳತೆ.

ಥಲಸ್ಸೇಮಿಯದಂಥ ಕಾಯಿಲೆಯಲ್ಲಿ ಒಂದೇ ವಂಶವಾಹಿ ಕೆಟ್ಟರೆ ಸಾಕು. ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಗುವಿಗೆ ಕಾಯಿಲೆ ಬಂದಂತೆಯೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ ಹಾಗಲ್ಲ. ಹನಿಗೂಡಿ ಹಳ್ಳ ಎನ್ನುತ್ತೇವಲ್ಲ, ಹಾಗೆ ನೂರಾರು ಸಣ್ಣ ವ್ಯತ್ಯಾಸಗಳು ಸೇರುತ್ತವೆ. ಅವುಗಳಲ್ಲಿ ದೊಡ್ಡ ಹನಿ ಎಂದರೆ ಟಿಸಿಎಫ್‌7ಎಲ್‌2 ಎಂಬ ವಂಶವಾಹಿಯದು. 2006ರಲ್ಲಿ ಐಸ್‌ಲೆಂಡಿನವರು ಕಂಡುಹಿಡಿದರು, ಮರುವರ್ಷವೇ ಚೆನ್ನೈನ ಜನರಲ್ಲೂ ಅದರ ಪಾತ್ರ ಕಂಡಿತು. ಇದು ಇನ್ಸುಲಿನ್ ಸುರಿಯುವ ಕೈಯನ್ನು ಬಿಗಿ ಮಾಡುತ್ತದೆ. ಇಷ್ಟು ದೊಡ್ಡದೆಂದರೂ ಒಂದು ಪ್ರತಿಗೆ ಅಪಾಯ ಹೆಚ್ಚುವುದು ಸುಮಾರು ಒಂದೂವರೆ ಪಟ್ಟಿನ ಒಳಗೇ.

ಇನ್ನೊಂದು ವಂಶವಾಹಿಯ ಕಥೆ ನನ್ನನ್ನು ಇಂದಿಗೂ ಕಾಡುತ್ತದೆ. ಪಿಪಿಎಆರ್‌ಜಿ ಎಂಬುದರಲ್ಲಿ ಒಂದು ಬಗೆಯ ಬದಲಾವಣೆ ಇದ್ದರೆ ಯುರೋಪಿನವರಿಗೆ ಸಕ್ಕರೆ ಕಾಯಿಲೆಯಿಂದ ಒಂದಿಷ್ಟು ರಕ್ಷಣೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೆನ್ನೈನಲ್ಲಿರುವ ನಮ್ಮವರನ್ನೂ ಅಮೆರಿಕದ ಡಲ್ಲಾಸಿಗೆ ಹೋಗಿ ನೆಲೆಸಿದ ನಮ್ಮವರನ್ನೂ ಅಲ್ಲಿನ ಬಿಳಿಯರನ್ನೂ ಹೋಲಿಸಿತು. ಬಿಳಿಯರಿಗೆ ಸಿಕ್ಕ ಆ ರಕ್ಷಣೆ ನಮ್ಮವರಿಗೆ ಎರಡೂ ಊರುಗಳಲ್ಲಿ ಸಿಗಲಿಲ್ಲ. ಪರದೇಶದವರ ರಕ್ತದಿಂದ ತಯಾರಾದ ಅಪಾಯದ ಪಟ್ಟಿಯನ್ನು ನಮ್ಮ ಮಕ್ಕಳಿಗೆ ಹಿಡಿದು ಅಳೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಎಂಜಲು ಕಳಿಸಿದರೆ ಭವಿಷ್ಯ ಹೇಳುತ್ತೇವೆ ಎನ್ನುವ ಜಾಹೀರಾತಿಗೆ ಹಣ ಕಟ್ಟುವ ಮುಂಚೆ, ಆ ಪಟ್ಟಿ ಯಾರನ್ನು ನೋಡಿ ಮಾಡಿದ್ದು ಎಂದು ಕೇಳಿ.

ನಮ್ಮಲ್ಲೇ ಹುಡುಕಿದಾಗ ಸಿಕ್ಕದ್ದೂ ಇದೆ. 2009ರಲ್ಲಿ ಧಂಡಪಾಣಿ, ತಂಗರಾಜ್ ಮೊದಲಾದವರು ಹೃದಯದ ಸ್ನಾಯುವಿಗೆ ಸಂಬಂಧಿಸಿದ ವಂಶವಾಹಿಯೊಂದರಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವುದನ್ನು ವಿವರಿಸಿದರು. ಭಾರತ ಉಪಖಂಡದಲ್ಲಿ ನೂರಕ್ಕೆ ನಾಲ್ವರು ಅದನ್ನು ಹೊತ್ತಿದ್ದಾರೆ; ಅವರಿಗೆ ಹೃದಯ ಸೋಲುವ ಅಪಾಯ ಸುಮಾರು ಏಳು ಪಟ್ಟು. ಇಷ್ಟು ಕೆಟ್ಟದ್ದು ಇಷ್ಟು ಜನರಲ್ಲಿ ಹೇಗೆ ಉಳಿಯಿತು? ಬಹಳ ಮಂದಿಗೆ ಅದು ತೊಂದರೆ ಕೊಡುವುದು ನಡುವಯಸ್ಸು ದಾಟಿದ ಮೇಲೆ. ಆ ಹೊತ್ತಿಗೆ ಮಕ್ಕಳಾಗಿ, ಅದು ಅವರಿಗೆ ದಾಟಿಯೂ ಆಗಿರುತ್ತದೆ.

ತಾಯಿಯಿಂದ ಬರುವುದೆಲ್ಲ ವಂಶವಾಹಿಯೇ ಎಂದೂ ತಿಳಿಯಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಸೂಲಗಿತ್ತಿ ದಾದಿಯರು 1934ರಿಂದ ಪ್ರತಿ ಕೂಸನ್ನೂ ತೂಗಿ ಬರೆದಿಟ್ಟಿದ್ದರು. ಆ ಪುಸ್ತಕ ಹಿಡಿದು, 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿ ಚೆನ್ನಾಗಿ ಬೆಳೆದು ಹುಟ್ಟಿದವರಲ್ಲಿ ಮೂವರಿಗೆ. ಗರ್ಭದಲ್ಲಿ ಕೂಸನ್ನು ಬೆಳೆಸುವ ಬಸುರಿಯ ಊಟದ ತಟ್ಟೆಯೂ ಒಂದು ಪಿತ್ರಾರ್ಜಿತ. ಆ ದಾದಿಯರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಹಾಗಾದರೆ ಅಪಾಯದ ಅಂಚಿನಲ್ಲಿರುವವರು ಮಾಡುವುದೇನು? ಡಾ. ಎ. ರಾಮಚಂದ್ರನ್ ಅವರು ಚೆನ್ನೈನಿಂದಲೇ, ಕಾಯಿಲೆಯ ಹಿಂದಿನ ಹಂತದಲ್ಲಿದ್ದ 531 ಮಂದಿಯನ್ನು ನಾಲ್ಕು ಗುಂಪು ಮಾಡಿ ಮೂರು ವರ್ಷದ ಪ್ರಯೋಗ ನಡೆಸಿದರು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂದೇಬಿಟ್ಟಿತು. ಊಟ ತಿದ್ದಿ ನಡಿಗೆ ಹಚ್ಚಿದವರಲ್ಲಿ 39. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. 39 ಸಣ್ಣ ಸಂಖ್ಯೆಯಲ್ಲ. ನಡೆದವರಿಗೂ ಬಂತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ನಡುವಿನ ಹದಿನಾರು ಮಂದಿಯೂ ಯಾರದೋ ಮನೆಯ ಅಪ್ಪಂದಿರು, ಅಮ್ಮಂದಿರು.

ಗಲ್ಲಾದ ಹಿರಿಯರ ಮಗಳಿಗೆ ಈಗ ಇಪ್ಪತ್ತಾರು. ಹೋದ ತಿಂಗಳು ಬರಿಹೊಟ್ಟೆಯಲ್ಲಿ ಹೋಗಿ, 75 ಗ್ರಾಂ ಗ್ಲೂಕೋಸ್ ಕರಗಿಸಿದ ಗಟ್ಟಿ ಸಿಹಿನೀರು ಕುಡಿದು, ವಾಕರಿಕೆ ತಡೆದುಕೊಂಡು ಎರಡು ಗಂಟೆ ಬೆಂಚಿನ ಮೇಲೆ ಕೂತು ರಕ್ತ ಕೊಟ್ಟು ಬಂದಳು. ಆ ಬಿಲ್ಲಿನ ಹಾಳೆಯಲ್ಲಿ ಅವಳ ವೃತ್ತ ಸದ್ಯ ಖಾಲಿ ಇದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕು ಬರೆದುಕೊಂಡಿದ್ದಾಳೆ, ಮುಂದಿನ ವರ್ಷದ್ದನ್ನೂ.

ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯ ಹಿಂಬದಿ ಖಾಲಿ ಇದೆ. ಹೊರಗೆ ಕಾಫಿ ಬರುವುದರೊಳಗೆ ಚೌಕ, ವೃತ್ತ ಬರೆಯಲು ಸಮಯವಿದೆ. ಅಜ್ಜ ಅಜ್ಜಿಯರಿಂದ ಶುರುಮಾಡಿ. ಗೊತ್ತಿಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಊರಲ್ಲಿ ಚಿಕ್ಕಮ್ಮನೋ ಸೋದರಮಾವನೋ ಇದ್ದರೆ ಇವತ್ತು ರಾತ್ರಿಯೇ ಫೋನು ಮಾಡಿ ಕೇಳಿ.