ಹೊಳಪಿಗೆ ಮುಂಚೆ ತೋರಿಸಿ
(ಮಹಿಳೆಯರ ಕರಕುಶಲ ತರಬೇತಿಯ ಸಮಾರೋಪದಲ್ಲಿ ಮಾಡಿದ ಭಾಷಣ)



ನೀವು ಮಾಡಿದ ಬೆಳ್ಳಿ ಜುಮುಕಿಯನ್ನು ಕಂಡು ಮನೆಯವರೆಲ್ಲ ‘ಚೆನ್ನಾಗಿದೆ’ ಎಂದಿರಬಹುದು. ಆ ಮಾತು ಸಂತೋಷ ಕೊಡುತ್ತದೆ, ಕೆಲಸ ಕಲಿಸುವುದಿಲ್ಲ. ಕೊಂಡವಳ ಕಿವಿಗೆ ಕೊಕ್ಕೆ ಚುಚ್ಚಿದರೆ ಅವಳು ಮತ್ತೆ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ದುಡಿದು ಮನೆಗೆ ನೆರವಾಗಬೇಕೆಂದು ಕಲಿತವರಿಗೆ ಇದು ಸಣ್ಣ ನಷ್ಟವಲ್ಲ. ತಪ್ಪು ಎಲ್ಲಿದೆ ಎಂದು ಹೇಳಬಲ್ಲವರು ಅನುಭವಿ ಅಕ್ಕಸಾಲಿಗರು.

ಅವರ ಬಳಿಗೆ ಹೊಳಪು ಕೊಟ್ಟ ಒಡವೆಯನ್ನಷ್ಟೇ ಒಯ್ಯಬೇಡಿ. ಅರ ಹಾಕಿದ ನಂತರ, ಹೊಳಪಿಗೆ ಮುಂಚೆಯೇ ಒಮ್ಮೆ ತೋರಿಸಿ. ಉಳಿದ ಗೀರನ್ನು ಹೊಳಪು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. 400, 600, 1000 ನಂಬರಿನ ಎಮರಿ ಕಾಗದಗಳನ್ನು ಕ್ರಮವಾಗಿ ಬಳಸಿ. ಪ್ರತಿ ಸಲ ಉಜ್ಜುವ ದಿಕ್ಕು ಬದಲಿಸಿದರೆ ಹಿಂದಿನ ಗೀರು ಹೋಯಿತೇ ಇಲ್ಲವೇ ಎಂಬುದು ಕಾಣುತ್ತದೆ. 925 ಬೆಳ್ಳಿಯಲ್ಲಿ ಸಾವಿರಕ್ಕೆ 75 ಪಾಲು ಬೇರೆ ಲೋಹ, ಸಾಮಾನ್ಯವಾಗಿ ತಾಮ್ರ. ಬೆಸುಗೆಯ ಬಿಸಿಗೆ ಅದು ಕಲೆಯಾಗಿ ಉಳಿದಿದೆಯೇ ಎಂದೂ ವಿಚಾರಿಸಿ.

‘ಹೇಗಿದೆ?’ ಎನ್ನಬೇಡಿ. ‘ನಿಮ್ಮ ಬೆರಳಿಗೆ ಮೊದಲು ಎಲ್ಲಿ ತಡೆಯಿತು?’ ಎಂದು ಕೇಳಿ. ಹೇಳಿದ್ದನ್ನು ಬರೆದುಕೊಳ್ಳಿ, ವಾದ ಬೇಡ. ಅದೇ ನಮೂನೆಯನ್ನು ಮತ್ತೊಮ್ಮೆ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ತೋರಿಸಿ.

ಹಜ್ರತ್ ದಾವೂದ್(ಅ)ರಿಗೆ ಕವಚದ ಕೊಂಡಿಗಳನ್ನು ಅಳತೆಯಿಂದ ಹೆಣೆಯುವಂತೆ ಅಲ್ಲಾಹನು ಆದೇಶಿಸಿದ್ದನ್ನು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಪ್ರವಾದಿಯೊಬ್ಬರ ಕೈಕೆಲಸಕ್ಕೇ ಇಂಥ ಶಿಸ್ತು ಇತ್ತೆಂದ ಮೇಲೆ, ತಿದ್ದಿಸಿಕೊಳ್ಳಲು ನಮಗೇಕೆ ಸಂಕೋಚ?

ಅಲ್ಲಾಹನು ನಿಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.