ಮೋಟಾರು ಸೈಕಲ್ಲಿಗೆ ಹೆಚ್ಚಿನ ಅಶ್ವಶಕ್ತಿ

ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಕಿರಿದಾದ ನೆಲದ ಪಟ್ಟಿ. ಭಟ್ಕಳಕ್ಕೆ ಅಂಟಿಕೊಂಡಂತಿರುವ ಹೆಬಳೆಯ ತರುಣನೊಬ್ಬ ಮೋಟಾರು ಸೈಕಲ್ಲನ್ನೇರಿ ಹೊರಟರೆ ಅವನ ಮುಂದೆ ಎರಡು ಬಗೆಯ ದಾರಿಗಳಿವೆ. ಒಂದು, ಕಡಲಿಗೆ ಸಮನಾಗಿ ಹೊನ್ನಾವರ, ಕುಮಟೆಗಳತ್ತ ಸಾಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು, ಕೋಗಾರು ಘಟ್ಟವನ್ನೋ ಗೇರುಸೊಪ್ಪೆಯ ಘಟ್ಟವನ್ನೋ ಹತ್ತಿ ಜೋಗದ ಕಡೆಗೆ ಹೋಗುವ ಏರುದಾರಿ. ಮೊದಲನೆಯ ದಾರಿಯಲ್ಲಿ ವೇಗದ ಆಸೆ ಹುಟ್ಟುತ್ತದೆ. ಎರಡನೆಯದರಲ್ಲಿ ಎಂಜಿನು ಏದುಸಿರು ಬಿಡುತ್ತದೆ. ಎರಡೂ ಕಡೆ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಇದಕ್ಕೆ ಇನ್ನಷ್ಟು ಅಶ್ವಶಕ್ತಿ ಬರುವಂತೆ ಮಾಡಲಾಗದೆ? ಲಾರಿಗಿರುವ ಟರ್ಬೊಚಾರ್ಜರು ಮೋಟಾರು ಸೈಕಲ್ಲಿಗೇಕೆ ಇರಬಾರದು?

ಇದು ಕೇವಲ ಹುಡುಗಾಟಿಕೆಯ ಪ್ರಶ್ನೆಯಲ್ಲ. ಇದರಲ್ಲಿ ಯಂತ್ರಶಾಸ್ತ್ರದ ಒಂದು ಸುಂದರವಾದ ತತ್ತ್ವ ಅಡಗಿದೆ. ಜೊತೆಗೆ ಪ್ರಾಣದ ಪ್ರಶ್ನೆಯೂ ಇದೆ. ಆದ್ದರಿಂದ ಇದನ್ನು ಸ್ವಲ್ಪ ಸಾವಧಾನವಾಗಿ ವಿಚಾರ ಮಾಡುವುದು ಯುಕ್ತ.

ಅಶ್ವಶಕ್ತಿ ಎಂದರೇನು? ೭೫ ಕಿಲೋಗ್ರಾಂ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆತ್ತುವ ಶಕ್ತಿ, ಅಷ್ಟೆ. ಎಂಜಿನು ಈ ಶಕ್ತಿಯನ್ನು ಎಲ್ಲಿಂದ ತರುತ್ತದೆ? ಪೆಟ್ರೋಲಿನಿಂದ ಎಂದು ನೀವು ಥಟ್ಟನೆ ಹೇಳಬಹುದು. ಉತ್ತರ ಅರ್ಧ ಮಾತ್ರ ಸರಿ. ಒಲೆಯಲ್ಲಿ ಸೌದೆ ಎಷ್ಟೇ ತುಂಬಿದರೂ ಗಾಳಿಯಾಡದಿದ್ದರೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಒಂದು ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೫ ಗ್ರಾಂ ಗಾಳಿ ಬೇಕು. ೩೫೦ ಘನ ಸೆಂಟಿಮೀಟರಿನ, ನಾಲ್ಕು ಹೊಡೆತದ ಎಂಜಿನು ನಿಮಿಷಕ್ಕೆ ೪೦೦೦ ಸುತ್ತು ತಿರುಗುವಾಗ ೨೦೦೦ ಸಲ ಉಸಿರೆಳೆಯುತ್ತದೆ. ಪ್ರತಿ ಸಲವೂ ಸಿಲಿಂಡರು ಭರ್ತಿಯಾದರೂ ನಿಮಿಷಕ್ಕೆ ೭೦೦ ಲೀಟರಿಗಿಂತ ಹೆಚ್ಚು ಗಾಳಿ ಒಳಗೆ ಹೋಗದು. ಅದರ ತೂಕ ಸುಮಾರು ೮೦೦ ಗ್ರಾಂ. ಪೆಟ್ರೋಲು ಸುರಿಯುವುದು ಸುಲಭ. ಗಾಳಿ ತುಂಬುವುದು ಕಷ್ಟ. ಹೆಚ್ಚಿನ ಅಶ್ವಶಕ್ತಿ ಬೇಕೆಂದರೆ ಹೆಚ್ಚಿನ ಗಾಳಿ ಬೇಕು. ಇದೇ ಇಡೀ ವಿಷಯದ ಬೀಜ.

ಗಾಳಿಯನ್ನು ಹೆಚ್ಚಿಸಲು ಮೂರು ಉಪಾಯಗಳಿವೆ. ಸಿಲಿಂಡರನ್ನು ದೊಡ್ಡದು ಮಾಡುವುದು ಒಂದು. ಎಂಜಿನನ್ನು ಹೆಚ್ಚು ವೇಗವಾಗಿ ತಿರುಗಿಸಿ ಹೆಚ್ಚು ಸಲ ಉಸಿರಾಡಿಸುವುದು ಎರಡನೆಯದು. ಕಮ್ಮಾರನು ಕುಲುಮೆಗೆ ತಿದಿಯೊತ್ತುವಂತೆ ಗಾಳಿಯನ್ನು ಒತ್ತಡದಿಂದ ಒಳನುಗ್ಗಿಸುವುದು ಮೂರನೆಯದು. ಆದರೆ ತಿದಿಯೊತ್ತಲು ಒಬ್ಬ ಆಳು ಬೇಕಷ್ಟೆ? ಆ ಆಳಿನ ಕೂಲಿಯನ್ನು ಕೊಡುವವರಾರು? ಇಲ್ಲಿಯೇ ಟರ್ಬೊಚಾರ್ಜರಿನ ಜಾಣ್ಮೆ ಇರುವುದು.

ಪೆಟ್ರೋಲಿನಿಂದ ಹುಟ್ಟಿದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಸೈಲೆನ್ಸರಿನ ಮೂಲಕ ವ್ಯರ್ಥವಾಗಿ ಹೋಗುತ್ತದೆ. ಈ ನಷ್ಟವನ್ನು ತಡೆಯುವ ಬಗೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ; ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯನ್ನೇ ನೋಡಿ. ಲಿಂಗನಮಕ್ಕಿಯಿಂದ ಬಂದ ನೀರು ಶರಾವತಿ ವಿದ್ಯುದಾಗಾರದ ೧೦ ಯಂತ್ರಗಳನ್ನು ತಿರುಗಿಸಿ ಕೆಳಗಿಳಿಯುತ್ತದೆ. ದುಡಿದು ದಣಿದ ಆ ನೀರನ್ನು ಗೇರುಸೊಪ್ಪೆಯಲ್ಲಿ ಮತ್ತೊಂದು ಅಣೆಕಟ್ಟು ತಡೆದು, ೪ ಯಂತ್ರಗಳಿಂದ ಇನ್ನೂ ೨೪೦ ಮೆಗಾವ್ಯಾಟ್ ವಿದ್ಯುತ್ತನ್ನು ಹಿಂಡುತ್ತದೆ. ಟರ್ಬೊಚಾರ್ಜರು ಮಾಡುವುದೂ ಇಂಥ ಕೆಲಸವನ್ನೇ. ಹೊರಬೀಳುವ ಬಿಸಿ ಹೊಗೆಯ ದಾರಿಯಲ್ಲಿ ಅಲಗುಗಳುಳ್ಳ ಒಂದು ಪುಟ್ಟ ಚಕ್ರ. ಅದರ ಅಚ್ಚಿನ ಇನ್ನೊಂದು ತುದಿಯಲ್ಲಿ ಗಾಳಿಯನ್ನೊತ್ತುವ ಇನ್ನೊಂದು ಚಕ್ರ. ಹೊಗೆ ಮೊದಲನೆಯದನ್ನು ತಿರುಗಿಸುತ್ತದೆ, ಅದು ಎರಡನೆಯದನ್ನು ತಿರುಗಿಸುತ್ತದೆ. ಚಿಕ್ಕ ಎಂಜಿನುಗಳ ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುವುದುಂಟು. ಹೊಗೆಯೇ ತಿದಿಯೊತ್ತುವ ಆಳಾಯಿತು.

ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ೧೯೦೫ರಲ್ಲಿ ಈ ಯುಕ್ತಿಗೆ ಪೇಟೆಂಟು ಪಡೆದನು. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಇಂಥದೊಂದು ಯಂತ್ರವನ್ನು ವಿಮಾನದ ಎಂಜಿನಿಗೆ ಜೋಡಿಸಿ, ಸುಮಾರು ೪೩೦೦ ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರದ ಮೇಲೆ ಪರೀಕ್ಷಿಸಿದನು. ಎತ್ತರದ ತೆಳುಗಾಳಿಯಲ್ಲಿ ಎಂಜಿನು ಕಳೆದುಕೊಳ್ಳುವ ಶಕ್ತಿಯನ್ನು ಮರಳಿ ಕೊಡುವುದು ಅವನ ಉದ್ದೇಶವಾಗಿತ್ತು. ನಮ್ಮ ಕರಾವಳಿಯೂ ಟರ್ಬೊವಿಗೆ ಅಪರಿಚಿತವಲ್ಲ. ಕೊಂಕಣ ರೈಲುಮಾರ್ಗ ೧೯೯೮ರಲ್ಲಿ ಪೂರ್ತಿಯಾಗಿ ತೆರೆಯಿತು. ೨೦೨೨ರಲ್ಲಿ ಅದರ ವಿದ್ಯುದೀಕರಣ ಮುಗಿಯುವವರೆಗೆ ಭಟ್ಕಳ ನಿಲ್ದಾಣದ ಮೂಲಕ ಗಾಡಿಗಳನ್ನೆಳೆದದ್ದು ಟರ್ಬೊ ಜೋಡಿಸಿದ ಡೀಸೆಲ್ ಎಂಜಿನುಗಳೇ. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿಗೆ ಹೆಸರು ತಂದ ೪೦೦೦ ಅಶ್ವಶಕ್ತಿಯ, ೧೬ ಸಿಲಿಂಡರುಗಳ ಎಂಜಿನುಗಳೂ ಅಂಥವೇ. ಅವುಗಳಲ್ಲಿ ಒಂದು ವಿಶೇಷವಿದೆ. ಹೊಗೆಯ ಬಲ ಸಾಲದಿರುವಾಗ ಎಂಜಿನೇ ಹಲ್ಲುಗಾಲಿಗಳ ಮೂಲಕ ಟರ್ಬೊವನ್ನು ತಿರುಗಿಸುತ್ತದೆ. ಹೊಗೆಗೆ ಬಲ ಬಂದಮೇಲೆ ಆ ಸಂಬಂಧ ತಾನಾಗಿ ಬಿಟ್ಟುಕೊಳ್ಳುತ್ತದೆ. ಆರಂಭದಲ್ಲಿ ಹೊಗೆ ದುರ್ಬಲ ಎಂಬ ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಮೋಟಾರು ಸೈಕಲ್ಲಿಗೆ ಬರೋಣ. ಪ್ರಯತ್ನ ನಡೆಯಲಿಲ್ಲವೆಂದಲ್ಲ. ಜಪಾನಿನ ನಾಲ್ಕೂ ದೊಡ್ಡ ಕಂಪೆನಿಗಳು ಇದಕ್ಕೆ ಕೈಹಾಕಿದುವು. ೧೯೮೨ರಲ್ಲಿ ಹೋಂಡಾದ ೫೦೦ರ ಟರ್ಬೊ ಹಾಗೂ ಯಮಾಹಾದ ೬೫೦ರ ಟರ್ಬೊ ಬಂದುವು. ೧೯೮೩ರಲ್ಲಿ ಸುಜುಕಿಯದು, ೧೯೮೪ರಲ್ಲಿ ಕವಾಸಾಕಿಯ ೭೫೦. ಹೋಂಡಾದ ಎರಡು ಸಿಲಿಂಡರಿನ ಎಂಜಿನು ಟರ್ಬೊ ಇಲ್ಲದೆ ಸುಮಾರು ೫೦ ಅಶ್ವಶಕ್ತಿ ಕೊಡುತ್ತಿದ್ದುದು, ಟರ್ಬೊ ಬಂದಮೇಲೆ ೮೨ ಕೊಟ್ಟಿತು. ಸಾಧನೆ ಸಾಮಾನ್ಯವಾದುದಲ್ಲ. ಆದರೂ ದಶಕದ ನಡುವಿನ ವೇಳೆಗೆ ಈ ಬೈಕುಗಳೆಲ್ಲ ಅಂಗಡಿಯಿಂದ ಮರೆಯಾದುವು. ಭಾರ ಹೆಚ್ಚು, ಬೆಲೆ ಹೆಚ್ಚು, ಜಟಿಲತೆ ಹೆಚ್ಚು. ಅಷ್ಟೇ ಬಲವನ್ನು ತುಸು ದೊಡ್ಡದಾದ ಸಾದಾ ಎಂಜಿನು ಕಡಿಮೆ ತೊಂದರೆಯಿಂದ ಕೊಡುತ್ತಿತ್ತು. ೨೦೧೫ರಲ್ಲಿ ಕವಾಸಾಕಿ ಸುಮಾರು ೨೦೦ ಅಶ್ವಶಕ್ತಿಯ ಬೈಕಿನೊಡನೆ ಮತ್ತೆ ಗಾಳಿಯೊತ್ತುವ ಯುಕ್ತಿಗೆ ಮರಳಿತು ನಿಜ. ಆದರೆ ಅಲ್ಲಿ ತಿದಿಯೊತ್ತುವುದು ಹೊಗೆಯಲ್ಲ, ಎಂಜಿನಿನ ಹಲ್ಲುಗಾಲಿಗಳು.

ಲಾರಿಗೆ, ರೈಲಿಗೆ ಒಗ್ಗಿದ ಯುಕ್ತಿ ಬೈಕಿಗೆ ಒಗ್ಗದಿರಲು ಕಾರಣಗಳೇನು? ಮೊದಲನೆಯದಾಗಿ, ಶಾಖ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡವನ್ನು ಮುಟ್ಟಿ ನೋಡಿದವರಿಗೆ ಇದು ಗೊತ್ತು. ಭಟ್ಕಳದ ೩೦ ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೇರಿಸಿದರೆ ಅದು ೮೦ ಡಿಗ್ರಿಯನ್ನೂ ದಾಟಬಹುದು. ಡೀಸೆಲ್ ಎಂಜಿನಿಗೆ ಇದರಿಂದ ಅಂಥ ಬಾಧೆಯಿಲ್ಲ, ಅಲ್ಲಿ ಎಣ್ಣೆ ಒಳಬರುವುದು ಗಾಳಿಯನ್ನು ಒತ್ತಿಯಾದ ಮೇಲೆ. ಪೆಟ್ರೋಲಾದರೋ ಗಾಳಿಯೊಡನೆ ಮೊದಲೇ ಬೆರೆತಿರುತ್ತದೆ. ಅತಿ ಶಾಖಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನಿನ ತಲೆಯನ್ನು ಕುಟ್ಟುತ್ತದೆ. ಮೆಕ್ಯಾನಿಕ್ಕರು ನಾಕಿಂಗ್ ಎನ್ನುವುದು ಇದನ್ನೇ. ಕೆಲವು ನಿಮಿಷಗಳ ಇಂಥ ಕುಟ್ಟಾಟ ಪಿಸ್ಟನ್ನಿಗೆ ತೂತು ಕೊರೆಯಬಲ್ಲದು.

ಎರಡನೆಯದಾಗಿ, ಉಸಿರಿನ ಅಸಮತೆ. ೧೬ ಸಿಲಿಂಡರುಗಳ ಹೊಗೆ ಹೊಳೆಯಂತೆ ಎಡೆಬಿಡದೆ ಹರಿಯುತ್ತದೆ. ಒಂದೇ ಸಿಲಿಂಡರಿನ ಬೈಕಿನಲ್ಲಿ ಎರಡು ಸುತ್ತಿಗೊಮ್ಮೆ ಒಂದು ಬುಗ್ಗೆ, ಆಮೇಲೆ ಮೌನ. ಚಕ್ರಕ್ಕೆ ನೂಕು ಸಿಕ್ಕಂತೆ ಸಿಕ್ಕಿ ತಪ್ಪುತ್ತದೆ. ಮೂರನೆಯದಾಗಿ, ತಡ. ಆಗಲೇ ಹೇಳಿದಂತೆ ಆರಂಭದಲ್ಲಿ ಹೊಗೆ ದುರ್ಬಲ. ಸವಾರನು ಕೈ ತಿರುಗಿಸಿದಾಗ ಬಲ ಬರುವುದಿಲ್ಲ. ಕ್ಷಣ ಕಳೆದು, ಬಹುಶಃ ತಿರುವಿನ ನಡುವೆ, ಒಮ್ಮೆಗೇ ನುಗ್ಗಿ ಬರುತ್ತದೆ. ನಾಲ್ಕು ಚಕ್ರದ ವಾಹನಕ್ಕೆ ಅದು ಕಿರಿಕಿರಿ. ಮಳೆಗಾಲದ ಘಟ್ಟದ ತಿರುವಿನಲ್ಲಿ ಓರೆಯಾಗಿರುವ ಎರಡು ಚಕ್ರದ ವಾಹನಕ್ಕೆ ಅದು ಅಪಘಾತ.

ನಮ್ಮ ನಾಡಿನದೇ ಆದ ಬೈಕಿನ ಮಾತನ್ನೂ ಇಲ್ಲಿ ಹೇಳಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೧ರಿಂದ ಜಾವಾ, ೧೯೭೩ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ೨೫೦ರ ಬೈಕುಗಳು ಹೊರಬಂದುವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಅದು ಎರಡು ಹೊಡೆತದ ಎಂಜಿನು. ಅದರಲ್ಲಿ ಹಳೆಯ ಹೊಗೆ ಹೊರಹೋಗುವಾಗ ಹೊಸ ಗಾಳಿಯೂ ಸ್ವಲ್ಪ ಅದರ ಬೆನ್ನುಹತ್ತಿ ಹೋಗಿಬಿಡುತ್ತದೆ. ಹೊಗೆನಳಿಗೆಯ ಆಕಾರವನ್ನು ಸರಿಯಾಗಿ ಮಾಡಿದರೆ, ಹೊಗೆಯ ಅಲೆಯೊಂದು ಪ್ರತಿಧ್ವನಿಯಂತೆ ಹಿಂದಿರುಗಿ, ಓಡಿಹೋಗುವ ಹೊಸ ಗಾಳಿಯನ್ನು ಮರಳಿ ಸಿಲಿಂಡರಿಗೇ ನೂಕುತ್ತದೆ. ತಗಡಿನ ಒಂದು ನಳಿಗೆ, ಚಲಿಸುವ ಭಾಗ ಒಂದೂ ಇಲ್ಲ! ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ ೧೯೫೦ರ ದಶಕದಲ್ಲಿ ಎಂಜೆಡ್ ಕಾರ್ಖಾನೆಯಲ್ಲಿ ಈ ವಿದ್ಯೆಯನ್ನು ಪಳಗಿಸಿದನು. ೧೯೬೧ರಲ್ಲಿ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಾರಾಗಿ, ಆ ಗುಟ್ಟುಗಳೊಡನೆ ಸುಜುಕಿಯನ್ನು ಸೇರಿದನು. ಮರುವರ್ಷವೇ ೫೦ ಘನ ಸೆಂಟಿಮೀಟರಿನ ಪಂದ್ಯಗಳಲ್ಲಿ ಸುಜುಕಿಗೆ ವಿಶ್ವಪ್ರಶಸ್ತಿ ತಂದುಕೊಟ್ಟನು. ಇಂಥ ಎಂಜಿನಿನ ಹೊಗೆದಾರಿಗೆ ಟರ್ಬೊವಿನ ಚಕ್ರವನ್ನು ಅಡ್ಡ ಇಟ್ಟರೆ ಆ ಅಲೆಯೇ ಕೆಡುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ.

ಇನ್ನೊಂದು ಸಂಗತಿ ನೋಡಿ. ಮೈಸೂರಿನ ಮೊದಲ ಜಾವಾ ೨೫೦ ಕೊಡುತ್ತಿದ್ದುದು ಸುಮಾರು ೧೨ ಅಶ್ವಶಕ್ತಿ. ೨೦೧೮ರಲ್ಲಿ ಜಾವಾ ಎಂಬ ಹೆಸರಿನಲ್ಲೇ ಮರಳಿ ಬಂದ ೨೯೩ ಘನ ಸೆಂಟಿಮೀಟರಿನ ಬೈಕು ಸುಮಾರು ೨೭ ಅಶ್ವಶಕ್ತಿ ಕೊಟ್ಟಿತು. ಎರಡು ಪಟ್ಟಿಗೂ ಹೆಚ್ಚು, ಅದೂ ಟರ್ಬೊ ಇಲ್ಲದೆ. ಎಂಜಿನನ್ನು ನಾಲ್ಕು ಹೊಡೆತದ್ದನ್ನಾಗಿ ಮಾಡಿ, ನೀರಿನಿಂದ ತಂಪುಗೊಳಿಸಿ, ಪೆಟ್ರೋಲನ್ನು ಅಳೆದು ಸಿಂಪಡಿಸಿದ್ದರ ಫಲ ಅದು.

ಆದರೆ ನಿಜವಾಗಿ ನಮಗೆ ಎಷ್ಟು ಶಕ್ತಿ ಬೇಕು? ಲೆಕ್ಕ ಹಾಕೋಣ. ಬೈಕು, ಸವಾರ, ಹಿಂದೆ ಕುಳಿತವರು ಎಲ್ಲ ಸೇರಿ ೩೦೦ ಕಿಲೋ ಎಂದುಕೊಳ್ಳಿ. ಹದಿನೈದು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ ೫೪ ಕಿಲೋಮೀಟರ್ ವೇಗದಲ್ಲಿ ಹತ್ತಿದರೆ, ಸೆಕೆಂಡಿಗೆ ಒಂದು ಮೀಟರ್ ಮೇಲೇರಿದಂತಾಯಿತು. ಅದಕ್ಕೆ ಬೇಕಾದುದು ೪ ಅಶ್ವಶಕ್ತಿ. ಗಾಳಿಯ ತಡೆ, ಟೈರು, ಚೈನುಗಳ ಸವೆತವನ್ನೆಲ್ಲ ಸೇರಿಸಿದರೂ ಲೆಕ್ಕ ಸುಮಾರು ಎಂಟಕ್ಕೆ ನಿಲ್ಲುತ್ತದೆ. ಎಂದರೆ ಹಳೆಯ ಜಾವಾ ಕೂಡ ಸುಸ್ಥಿತಿಯಲ್ಲಿದ್ದರೆ ಅಂಥ ಏರನ್ನು ಹತ್ತೀತು. ಹತ್ತದಿದ್ದರೆ, ಕೊರತೆಯಾಗಿರುವುದು ಟರ್ಬೊವಲ್ಲ, ಆರೈಕೆ.

ಹೆದ್ದಾರಿಯ ಲೆಕ್ಕ ಇನ್ನೂ ಕಟುವಾದುದು. ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಬೆಳೆಯುತ್ತದೆ. ಗಂಟೆಗೆ ೧೦೦ ಕಿಲೋಮೀಟರ್ ಓಡುವ ಬೈಕನ್ನು ೧೨೫ಕ್ಕೆ ಏರಿಸಬೇಕಾದರೆ ಅಶ್ವಶಕ್ತಿ ಸುಮಾರು ಇಮ್ಮಡಿಯಾಗಬೇಕು. ಇಷ್ಟೆಲ್ಲ ಸಾಹಸಕ್ಕೆ ಸಿಗುವುದು ಕಾಲು ಪಾಲು ವೇಗ. ಪ್ರತಿಯಾಗಿ ತೆರಬೇಕಾದ ಬೆಲೆಯೇನು? ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿರುವವನು ಅಪಾಯ ಕಂಡು ಒಂದು ಸೆಕೆಂಡಿನಲ್ಲಿ ಎಚ್ಚೆತ್ತು ಒಳ್ಳೆಯ ಬ್ರೇಕು ಹಾಕಿದರೆ, ಒಣ ರಸ್ತೆಯಲ್ಲಿ ಸುಮಾರು ೪೦ ಮೀಟರಿನೊಳಗೆ ನಿಲ್ಲುತ್ತಾನೆ. ೯೦ರಲ್ಲಿ ಅವನಿಗೆ ಸುಮಾರು ೭೭ ಮೀಟರ್ ಬೇಕು. ಎಂಜಿನಿಗೆ ಟರ್ಬೊ ಕೂಡಿಸಬಹುದು. ಹೆದ್ದಾರಿಗೆ ಅಡ್ಡ ಬಂದ ದನಕ್ಕೆ, ಶಾಲೆ ಬಿಟ್ಟು ಬರುವ ಮಗುವಿಗೆ ಆ ೩೭ ಮೀಟರುಗಳನ್ನು ಯಾವ ಯಂತ್ರವೂ ಕೂಡಿಸಿಕೊಡದು.

ಕಾನೂನೂ ಈ ಮಾತನ್ನೇ ಹೇಳುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ಗೊತ್ತುಮಾಡಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸಲು ಮಾಲೀಕನಿಗೆ ಅಧಿಕಾರವಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಹೀಗೆ ಬದಲಾಯಿಸಿದ ವಾಹನಕ್ಕೆ ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಆಗ ಕಷ್ಟ ಸವಾರನದಲ್ಲ, ಅವನ ಮನೆಯವರದು.

ಹಾಗಾದರೆ ಹೆಚ್ಚಿನ ಶಕ್ತಿಯ ಆಸೆಯನ್ನೇ ಬಿಡಬೇಕೆ? ಖಂಡಿತ ಬೇಡ. ಮೊದಲು ನಿಮ್ಮ ಬೈಕು ಕಳೆದುಕೊಂಡಿರುವ ಶಕ್ತಿಯನ್ನು ಮರಳಿ ಪಡೆಯಿರಿ. ಧೂಳು ಕಟ್ಟಿದ ಏರ್ ಫಿಲ್ಟರು ಮೂಗು ಕಟ್ಟಿದಂತೆ. ಅದನ್ನು ಶುಚಿ ಮಾಡಿ ಅಥವಾ ಬದಲಿಸಿ. ಕಡಲ ಉಪ್ಪುಗಾಳಿಗೆ ಚೈನು ಬಲುಬೇಗ ತುಕ್ಕು ಹಿಡಿಯುತ್ತದೆ. ಎಣ್ಣೆ ಹಾಕಿ, ಹದವಾದ ಸಡಿಲ ಇಟ್ಟುಕೊಳ್ಳಿ. ವಾಲ್ವುಗಳ ಸಂದು, ಸ್ಪಾರ್ಕ್ ಪ್ಲಗ್ಗು, ಟೈರಿನ ಗಾಳಿ, ಬಿಟ್ಟರೂ ಉಜ್ಜುತ್ತಲೇ ಇರುವ ಬ್ರೇಕು, ಇವನ್ನೆಲ್ಲ ಪರೀಕ್ಷಿಸಿ. ಇವುಗಳಲ್ಲಿ ಮರಳಿ ಸಿಗುವ ಬಲಕ್ಕೆ ಖರ್ಚು ಅಲ್ಪ, ಅಪಾಯ ಶೂನ್ಯ. ಅಷ್ಟರಿಂದಲೂ ತೃಪ್ತಿಯಾಗದಿದ್ದರೆ, ಹೆಚ್ಚಿನ ಬಲದೊಡನೆ ಅದಕ್ಕೆ ತಕ್ಕ ಬ್ರೇಕು, ಟೈರು, ಚೌಕಟ್ಟುಗಳನ್ನೂ ಕೂಡಿಸಿಯೇ ಕಟ್ಟಿದ ದೊಡ್ಡ ಬೈಕನ್ನು ಕೊಳ್ಳುವುದು ಜಾಣತನ.

ಕೈಚಳಕವುಳ್ಳ ತರುಣರಿಗೆ ಇನ್ನೊಂದು ಮಾತು. ಟರ್ಬೊವಿನ ವಿದ್ಯೆಯನ್ನು ಕಲಿಯಲೇಬೇಕೆಂಬ ಹಂಬಲವಿದ್ದರೆ ಅದಕ್ಕೆ ತಕ್ಕ ಜಾಗ ಡೀಸೆಲ್ ಎಂಜಿನು. ಹೆದ್ದಾರಿಯಲ್ಲಿ ಹಗಲಿರುಳೂ ಓಡುವ ಲಾರಿ, ಬಸ್ಸುಗಳಿಗೆ ಟರ್ಬೊ ಬಲ್ಲ ಮೆಕ್ಯಾನಿಕ್ಕು ಬೇಕೇ ಬೇಕು. ಅಲ್ಲಿ ಈ ಕುತೂಹಲ ಅನ್ನ ಕೊಡುವ ಕಸುಬಾಗುತ್ತದೆ.

ಹೊಗೆಯಿಂದಲೂ ಕೆಲಸ ತೆಗೆಯಬಹುದೆಂದು ಕಂಡುಕೊಂಡದ್ದು ಮನುಷ್ಯನ ಬುದ್ಧಿಗೆ ಭೂಷಣ. ಆದರೆ ತಿದಿ ಎಷ್ಟು ಬಲವಾಗಿರಬೇಕೆಂಬುದನ್ನು ಕುಲುಮೆಯ ಗೋಡೆಯನ್ನು ನೋಡಿ ತೀರ್ಮಾನಿಸಬೇಕು. ಎಂಜಿನಿಗೂ ಈ ಮಾತು ಸಲ್ಲುತ್ತದೆ, ಎಂಜಿನನ್ನು ಏರಿದವನಿಗೂ ಸಲ್ಲುತ್ತದೆ.