ಚೈತ್ರದ ಬಾವಿ, ವರ್ತನೆಯ ಬುಟ್ಟಿ



ಯುಗಾದಿ ಕಳೆಯಿತು. ನಮ್ಮ ಮೈಸೂರು, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು, ಪೂಜೆ ಮಾಡಿ, ಹೊನ್ನಾರು ಹೂಡಿದ್ದೂ ಆಯಿತು. ಹೊಂಗೆ ಚಿಗುರಿದೆ, ಬೇವು ಹೂ ಬಿಟ್ಟಿದೆ, ಮಾವಿನಲ್ಲಿ ಕಾಯಿ ತೂಗುತ್ತಿವೆ. ನೋಡುವವರ ಕಣ್ಣಿಗೆ ವಸಂತವೆಂದರೆ ಹಬ್ಬ. ಆದರೆ ತರಕಾರಿ ಬೆಳೆಯುವ ಸಣ್ಣ ಒಕ್ಕಲಿಗೆ ಇದೇ ಇಕ್ಕಟ್ಟಿನ ಕಾಲ. ಮರಗಳೆಲ್ಲ ಹಸಿರಾಗುವ ಹೊತ್ತಿಗೇ ಬಾವಿಯ ತಳ ಕಾಣುತ್ತದೆ. ಅದರಲ್ಲೂ ಊಟ ಮಾಡುವವರ ಕೈಯಿಂದ ಮುಂಗಡ ಹಣ ಪಡೆದವನಿಗೆ ಈ ಎರಡು ತಿಂಗಳು ಪರೀಕ್ಷೆಯ ಕಾಲವೇ ಸರಿ. ಈ ದಿವಸ ಅಂಥವರಿಗಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮುಂಗಡ ಹಣವೇ, ತರಕಾರಿಗೇ ಎಂದು ಕೆಲವರು ಕೇಳಬಹುದು. ವಿಷಯ ಸುಲಭವಾದದ್ದು. ಪೇಟೆಯ ಕೆಲವು ಸಂಸಾರಗಳು ಒಬ್ಬ ರೈತನೊಡನೆ ಒಪ್ಪಂದ ಮಾಡಿಕೊಳ್ಳುತ್ತವೆ. ನಾಲ್ಕು ತಿಂಗಳಿಗೋ ಆರು ತಿಂಗಳಿಗೋ ಆಗುವ ಹಣವನ್ನು ಮೊದಲೇ ಕೊಡುತ್ತವೆ. ರೈತ ರಾಸಾಯನಿಕ ಗೊಬ್ಬರ, ವಿಷದ ಔಷಧಿ ಮುಟ್ಟದೆ ಸಾವಯವವಾಗಿ ಬೆಳೆದು, ವಾರಕ್ಕೊಂದು ಬುಟ್ಟಿ ಮನೆಗೆ ತಲುಪಿಸುತ್ತಾನೆ. ಬೆಳೆ ಚೆನ್ನಾಗಿ ಬಂದರೆ ಬುಟ್ಟಿ ತುಂಬುತ್ತದೆ. ಕೆಟ್ಟರೆ ಬುಟ್ಟಿಯೂ ಚಿಕ್ಕದಾಗುತ್ತದೆ. ಲಾಭದಲ್ಲಿ ಮಾತ್ರವಲ್ಲ, ನಷ್ಟದಲ್ಲಿಯೂ ಎರಡು ಕಡೆಯವರಿಗೂ ಪಾಲು. ಜಪಾನಿನಲ್ಲಿ 1970ರ ದಶಕದಲ್ಲಿ ಈ ಬಗೆಯ ಏರ್ಪಾಡು ಹರಡಿತು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳವರು ಇದನ್ನು ಆರಂಭಿಸಿದರು. ನಮಗೇನೂ ಇದು ತೀರ ಹೊಸದಲ್ಲ. ಮನೆಮನೆಗೂ ವರ್ತನೆಯ ಹಾಲು ಹಾಕುವುದನ್ನು ನಾವು ಕಂಡವರೇ. ನಾನು ಹೇಳಲಿರುವ ತೋಟದವರು ಇದನ್ನು ವರ್ತನೆ ಎಂದೇ ಕರೆಯುತ್ತಾರೆ. ಹಣ ಕೊಟ್ಟ ಮನೆಗಳು ವರ್ತನೆ ಮನೆಗಳು.

ಆ ತೋಟ ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿದೆ. ಎರಡು ಎಕರೆ ಜಮೀನು, ಒಂದು ತೆರೆದ ಬಾವಿ, ಎರಡು ಹಸು. ಗಂಡ ಹೆಂಡತಿ ಇಬ್ಬರೇ ದುಡಿಯುವವರು. ಮೈಸೂರಿನಲ್ಲಿ ಇಪ್ಪತ್ತನಾಲ್ಕು ವರ್ತನೆ ಮನೆಗಳು. ಈ ತೋಟದಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಕೃಷಿ ಡಿಪ್ಲೊಮಾ ಓದಿದವನ ತಪ್ಪಿನಿಂದ ನಾಲ್ಕು ಜನಕ್ಕೆ ಬುದ್ಧಿ ಬಂದರೆ ಆ ಓದೂ ಸಾರ್ಥಕ.

2023ರಲ್ಲಿ ಮುಂಗಾರು ಕೈಕೊಟ್ಟದ್ದು ನಿಮಗೆ ನೆನಪಿದೆ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಮರುವರ್ಷ, ಅಂದರೆ 2024ರಲ್ಲಿ, ಯುಗಾದಿ ಏಪ್ರಿಲ್ 9ಕ್ಕೆ ಬಂತು. ಹಬ್ಬದ ಮಾರನೆಯ ದಿನ ನಾನು ತೋಟಕ್ಕೆ ಹೋದೆ. ವರ್ತನೆ ಮನೆಗಳ ಹಣ ಕೈಗೆ ಬಂದಿತ್ತು, ಬೀಜವೂ ಬಂದಿತ್ತು. "ಇನ್ನೇಕೆ ತಡ? ಒಂದು ಎಕರೆಗೂ ಒಟ್ಟಿಗೆ ಬಿತ್ತಿಬಿಡಿ" ಎಂದೆ. ಆ ತಾಯಿ ಮೆಲ್ಲಗೆ ಹೇಳಿದರು: "ಒಂದೇ ದಿನ ಹುಟ್ಟಿದ್ದು ಒಂದೇ ದಿನ ಬಾಯಾರ್ತದೆ ಸ್ವಾಮಿ." ನಾನು ನಕ್ಕುಬಿಟ್ಟೆ.

ಮೊದಲ ಮೂರು ವಾರ ಹಳೆಯ ಮಡಿಗಳ ಸೊಪ್ಪು, ಅಟ್ಟದ ಮೇಲಿಟ್ಟಿದ್ದ ಕುಂಬಳಕಾಯಿಗಳಿಂದ ಬುಟ್ಟಿ ಸಾಗಿತು. ನಾಲ್ಕನೆಯ ವಾರ ಹೊಸ ಮಡಿಗಳು ಕೈಗೆ ಬರಬೇಕಾಗಿತ್ತು. ಅಷ್ಟರಲ್ಲಿ ಬಿಸಿಲು ಏರಿತು, ಬಾವಿ ಇಳಿಯಿತು. ದಿನಕ್ಕೆ ನಾಲ್ಕು ಗಂಟೆ ನೀರೆತ್ತುತ್ತಿದ್ದ ಪಂಪು ಒಂದು ಗಂಟೆಗೆ ಗಾಳಿ ಎಳೆಯತೊಡಗಿತು. ಎಲ್ಲಾ ಮಡಿಯೂ ಒಟ್ಟಿಗೆ ನೀರು ಕೇಳಿತು, ಯಾವುದಕ್ಕೂ ಸಾಲಲಿಲ್ಲ. ಬೆಂಡೆ ಹೂವಿನಲ್ಲೇ ಬಾಡಿತು. ದಂಟು ಗೇಣುದ್ದವಿರುವಾಗಲೇ ತೆನೆ ಬಿಟ್ಟಿತು. ಮೇ ತಿಂಗಳಲ್ಲಿ ಮಳೆ ಬರುವ ಹೊತ್ತಿಗೆ ಉಳಿದದ್ದು ಕಾಲು ಪಾಲು.

ಬುಟ್ಟಿ ಕಳಿಸುವ ದಿನ ಬಂತು. ಆಗ ನಾನು ಎರಡನೆಯ ತಪ್ಪು ಮಾಡಿದೆ. "ಒಂದು ವಾರದ ಮಾತು ತಾನೆ? ಮಂಡಿಯಿಂದ ತಂದು ತುಂಬಿಸಿ" ಎಂದೆ. ಯಜಮಾನರು ಸುಮ್ಮನೆ ತಲೆ ತಗ್ಗಿಸಿದರು. ಆ ತಾಯಿ ಮಾತ್ರ, "ಮಂಡಿ ಸೊಪ್ಪು ಅವರ ಬೀದೀಲೇ ಸಿಕ್ತದಲ್ಲ. ನಮ್ಮನ್ನ ನಂಬಿ ಯಾಕೆ ದುಡ್ಡು ಕೊಟ್ರು?" ಎಂದರು. ಆ ವಾರ ಒಂದು ಕಂತೆ ಸೊಪ್ಪು, ಒಂದು ಹೋಳು ಕುಂಬಳ, ನಾಲ್ಕು ನುಗ್ಗೆಕಾಯಿ, ಜೊತೆಗೆ ಬಾವಿಯ ಸ್ಥಿತಿ ಬರೆದ ಒಂದು ಚೀಟಿ, ಇಷ್ಟೇ ಹೋಯಿತು. ಎರಡು ಮನೆಯವರು ವರ್ತನೆ ಬಿಟ್ಟರು. ಇಪ್ಪತ್ತೆರಡು ಮನೆಯವರು ಉಳಿದರು. ಅವರಲ್ಲಿ ವಯಸ್ಸಾದ ಒಬ್ಬರು ಭಾನುವಾರ ತೋಟಕ್ಕೇ ಬಂದು, ಬಾವಿಯೊಳಕ್ಕೆ ಇಣುಕಿ ನೋಡಿ, "ಇದನ್ನು ಯುಗಾದಿಯಲ್ಲೇ ಏಕೆ ಹೇಳಲಿಲ್ಲ?" ಎಂದು ಕೇಳಿದರು. ಆ ಪ್ರಶ್ನೆ ಕೇಳಬೇಕಾಗಿದ್ದವನು ನಾನು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ನೀರಿನ ಲೆಕ್ಕ. 200 ಲೀಟರಿನ ಒಂದು ಡ್ರಮ್ಮನ್ನು ಪಂಪಿನ ಬಾಯಿಗೆ ಹಿಡಿಯಿರಿ. ಅದು 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರು ಎಂದಾಯಿತು. ನಾಲ್ಕು ಅಡಿ ಅಗಲ, 25 ಅಡಿ ಉದ್ದದ ಒಂದು ಮಡಿಗೆ ಒಂದು ಅಂಗುಲ ನೀರು ಕೊಡಲು ಸುಮಾರು 235 ಲೀಟರು ಬೇಕು. ದಿನಕ್ಕೆ ಒಂದೇ ಗಂಟೆ ಪಂಪು ಓಡಿದರೆ 30 ಮಡಿ ನೆನೆಯುತ್ತದೆ. ಮೂರು ದಿನಕ್ಕೊಮ್ಮೆ ನೀರು ಎಂದರೆ 90 ಮಡಿ. ಅದು ಎಷ್ಟು ಜಾಗ ಗೊತ್ತೆ? ಎಂಟು ಗುಂಟೆಗಿಂತ ತುಸು ಹೆಚ್ಚು, ಅಷ್ಟೆ. ಪಹಣಿಯಲ್ಲಿ ಎರಡು ಎಕರೆಯ ಒಡೆಯರಾದವರು ಚೈತ್ರದಲ್ಲಿ ಎಂಟು ಗುಂಟೆಯ ಒಡೆಯರು! ನಾನು ಬಿತ್ತಿಸಿದ್ದು 40 ಗುಂಟೆ.

ಎರಡನೆಯದಾಗಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿರಿ. ದಂಟು, ಮೆಂತ್ಯ ನಾಲ್ಕು ವಾರದೊಳಗೆ ಕೈಗೆ ಬರುತ್ತವೆ. ವಾರವಾರ ಸೊಪ್ಪು ಬೇಕೆಂದರೆ ಐದು ಸರತಿಯ ಮಡಿಗಳಿರಬೇಕು. ಒಂದು ಕೊಯ್ಲಿಗೆ, ಮೂರು ಬೆಳೆಯುತ್ತಾ, ಒಂದು ಆಗ ತಾನೆ ಬಿತ್ತಿದ್ದು. ಬೆಂಡೆ, ಸೌತೆಗೆ ಏಳು ವಾರದ ಲೆಕ್ಕ ಇಟ್ಟುಕೊಳ್ಳಿ. ಗೋರಿಕಾಯಿ, ಬಸಳೆ ಬಿಸಿಲಿಗೆ ಹೆದರುವಂಥವಲ್ಲ. ಟೊಮೇಟೊಗೆ ಈ ಕಾಲದಲ್ಲಿ ಹೆಚ್ಚು ನೆಚ್ಚಿಕೊಳ್ಳಬೇಡಿ, ಕಡುಬಿಸಿಲಿಗೆ ಹೂ ಉದುರುತ್ತದೆ.

ಮೂರನೆಯದಾಗಿ, ಬದುವಿನ ಮರಗಳನ್ನು ಮರೆಯಬೇಡಿ. ನುಗ್ಗೆ, ಕರಿಬೇವು, ಮಾವಿನಕಾಯಿ, ಎಳೆ ಹಲಸು ಇವು ಬಾವಿ ಸೋತಾಗ ಬುಟ್ಟಿಯ ಮಾನ ಕಾಯುತ್ತವೆ. ಚಳಿಗಾಲದ ಕುಂಬಳ, ಬೂದುಗುಂಬಳಗಳನ್ನು ತೊಟ್ಟು ಸಮೇತ ಕೊಯ್ದು, ಗಾಳಿಯಾಡುವ ಅಟ್ಟದಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ಬೇಸಿಗೆಗೆ ಒದಗುತ್ತವೆ.

ನಾಲ್ಕನೆಯದು ಮಣ್ಣಿನ ಮಾತು. ಮುಂಗಡ ಹಣದ ಮೊದಲ ಪಾಲು ಮಣ್ಣಿಗೆ ಸಲ್ಲತಕ್ಕದ್ದು. ಮಡಿಗಳ ಮೇಲೆ ತರಗು, ಕಬ್ಬಿನ ರವದಿ, ತೆಂಗಿನ ಗರಿಯ ಹೊದಿಕೆ ಹಾಸಿರಿ. ಕೊಟ್ಟ ನೀರು ಬಿಸಿಲಿಗೆ ಆರುವುದಿಲ್ಲ. ರಾಗಿ ಹುಲ್ಲನ್ನು ಮಾತ್ರ ಹಾಸಬೇಡಿ, ಅದು ದನದ ಪಾಲು. ಜೀವಾಮೃತಕ್ಕೆ 200 ಲೀಟರು ನೀರು, 10 ಕಿಲೋ ಸಗಣಿ, 5 ರಿಂದ 10 ಲೀಟರು ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನವೂ ತಿರುವಿ, ಎರಡು ದಿನದ ಮೇಲೆ ಬಳಸಿರಿ, ವಾರದೊಳಗೆ ಮುಗಿಸಿರಿ. ಇದು ಒಂದು ಎಕರೆಗೆ ಆಗುತ್ತದೆ. ಒಣನೆಲಕ್ಕೆ ಸುರಿಯಬೇಡಿ, ತೇವವಿದ್ದಾಗ ಕೊಡಿ.

ಉಳಿದ ನೆಲವನ್ನು ಬೀಳು ಬಿಡಬೇಕೆ? ಬೇಡ. ಏಪ್ರಿಲ್ ಕೊನೆಗೆ ಭರಣಿ ಹುಟ್ಟುತ್ತದೆ. ಭರಣಿ ಬಂದರೆ ಧರಣಿಯೆಲ್ಲಾ ಬೆಳೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಹದಕ್ಕೆ ಇಳಿಜಾರಿಗೆ ಅಡ್ಡಲಾಗಿ ಉತ್ತು, ಅಪ್ಸೆಣಬು ಚೆಲ್ಲಿರಿ. ಹೂ ಬಿಡುವ ಹೊತ್ತಿಗೆ, ಸುಮಾರು 45 ರಿಂದ 50 ದಿನಕ್ಕೆ, ಮಣ್ಣಿಗೆ ಸೇರಿಸಿ ಉಳಿರಿ. ಮಳೆಗಾಲದ ತರಕಾರಿಗೆ ಅದೇ ಗೊಬ್ಬರ. ಇಂದು ಹೂ ಬಿಟ್ಟಿರುವ ಬೇವಿನ ಬೀಜವನ್ನೂ ಮುಂದೆ ಆಯ್ದಿಟ್ಟುಕೊಳ್ಳಿ. 5 ಕಿಲೋ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಸೋಸಿ 100 ಲೀಟರು ಮಾಡಿಕೊಂಡರೆ ಎಲೆ ತಿನ್ನುವ ಹುಳುಗಳಿಗೆ ಸಾಕು.

ಕೊನೆಯದಾಗಿ, ಎಲ್ಲಕ್ಕೂ ಮುಖ್ಯವಾದ ಮಾತು. ವರ್ತನೆ ಮನೆಗಳನ್ನು ಕಾರ್ತಿಕದ ಬೆಳೆ ನೋಡಿ ಎಣಿಸಬೇಡಿ, ಚೈತ್ರದ ಬಾವಿ ನೋಡಿ ಎಣಿಸಿರಿ. ಚೈತ್ರ, ವೈಶಾಖದಲ್ಲಿ ಅರ್ಧ ಬುಟ್ಟಿ, ಮಳೆ ಬಂದ ಮೇಲೆ ತುಂಬು ಬುಟ್ಟಿ ಎಂಬುದನ್ನು ಹಣ ಪಡೆಯುವ ದಿನವೇ ಬಾಯಿಬಿಟ್ಟು ಹೇಳಿರಿ. ಮುಚ್ಚಿಟ್ಟ ತುಂಬು ಬುಟ್ಟಿಗಿಂತ ಹೇಳಿ ಕೊಟ್ಟ ಅರ್ಧ ಬುಟ್ಟಿ ಮೇಲು.

ಈ ಸಾರಿಯ ಯುಗಾದಿಯ ದಿನವೂ ಆ ತೋಟಕ್ಕೆ ಹೋಗಿದ್ದೆ. ಹೊನ್ನಾರು ಮುಗಿದ ಮೇಲೆ ಯಜಮಾನರು ಗಂಟು ಹಾಕಿದ ಹಗ್ಗ ಬಿಟ್ಟು ಬಾವಿಯ ನೀರು ಅಳೆದರು. ವರ್ತನೆಗೆ ಸೇರುತ್ತೇವೆಂದು ಒಂಬತ್ತು ಹೊಸ ಮನೆಯವರು ಕೇಳಿದ್ದರಂತೆ. "ಏನು ಹೇಳಿದಿರಿ ಅಮ್ಮಾ?" ಎಂದೆ. "ಬಾವೀನ ಕೇಳಿ ಹೇಳ್ತೀನಿ ಅಂದಿದ್ದೀನಿ ಸ್ವಾಮಿ" ಎಂದರು. ಈ ಸಲ ನಾನು ನಗಲಿಲ್ಲ. ಹಗ್ಗದ ಗಂಟುಗಳನ್ನು ಅವರ ಜೊತೆ ನಾನೂ ಎಣಿಸಿದೆ.

ನೀವೂ ನಾಳೆ ಬೆಳಿಗ್ಗೆ ನಿಮ್ಮ ಬಾವಿಗೆ ಒಂದು ಹಗ್ಗ ಇಳಿಬಿಟ್ಟು ನೋಡಿರಿ. ಬೀಜದ ಗಂಟು ಬಿಚ್ಚುವುದು ಆಮೇಲಿನ ಕೆಲಸ.